ಕನ್ನಡದಲ್ಲಿ ರೋಲ್‌ಪ್ಲೇ ಆಟ: ಮೂರರಲ್ಲಿ ಯಾವ ಲೈಸೆನ್ಸ್ ಕೈ ಹಿಡಿಯಿತು?

ಅಕ್ಕನ ಮಕ್ಕಳಿಗೆ ಕನ್ನಡದಲ್ಲೇ ಒಂದು ರೋಲ್‌ಪ್ಲೇ ಆಟ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಕತೆ ಕಟ್ಟುವ ಆಟ, ಆಡಿಸಬೇಕು ಅನ್ನೋದು ನನ್ನ ಹಳೇ ಆಸೆ. ನಿಯಮಗಳನ್ನು ಕನ್ನಡಕ್ಕೆ ತಂದು, ಪ್ರಿಂಟ್ ಹಾಕಿ, ಬೇರೆಯವರಿಗೂ ಹಂಚಬೇಕು. ಅದಕ್ಕೆ ಆಟದ ಲೈಸೆನ್ಸ್ ಒಪ್ಪಬೇಕಲ್ವಾ? ಮೂರು ದಾರಿ ಹಿಡಿದು ನೋಡಿದೆ.

ಮೊದಲು ಓಜಿಎಲ್, ಅಂದರೆ ಓಪನ್ ಗೇಮ್ ಲೈಸೆನ್ಸ್. 2000ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೆಸರಾಂತ ರೋಲ್‌ಪ್ಲೇ ಆಟದ ಮೂರನೇ ಆವೃತ್ತಿಯ ಜೊತೆ ಬಂದದ್ದು. 2008ರ ನಾಲ್ಕನೇ ಆವೃತ್ತಿ ಬೇರೆ, ಬಿಗಿಯಾದ ಲೈಸೆನ್ಸ್ ತಂದಿತು. ಅಷ್ಟರಲ್ಲಿ ಮೂರನೇ ಆವೃತ್ತಿಯನ್ನು ತಿದ್ದಿ ಮಾಡಿದ ಹಳೇ 3.5 ನಿಯಮಗಳು ಓಜಿಎಲ್ ಮೂಲಕ ಎಲ್ಲರ ಕೈ ಸೇರಿದ್ದವು. ಅವುಗಳ ಮೇಲೇ 2009ರಲ್ಲಿ ಪಾತ್‌ಫೈಂಡರ್ ಎಂಬ ಬೇರೆ ಆಟ ಎದ್ದು ನಿಂತಿತು. ತವರಿನಲ್ಲಿ ನಿಂತುಹೋದ ಆಟ ಬೇರೆ ಮನೆಯಲ್ಲಿ ಬೆಳೆಯಿತು. ಆದರೆ ಬರೆಯಲು ಕೂತರೆ ಕೆಲಸ ಜಾಸ್ತಿ. ಯಾವ ಭಾಗ ಮುಕ್ತ ಅಂತ ಗುರುತು ಹಾಕಬೇಕು. ಲೈಸೆನ್ಸ್ ಪೂರ್ತಿ ಅಚ್ಚು ಹಾಕಬೇಕು, ಹಿಂದಿನವರ ಹಕ್ಕುಗಳ ಪಟ್ಟಿಯನ್ನೂ ಸೇರಿಸಬೇಕು. 2023ರ ಜನವರಿಯಲ್ಲಿ ಇದನ್ನು ಬದಲಿಸುವ ಕರಡು ಹೊರಬಿದ್ದು ಆಟಗಾರರು ಸಿಡಿದೆದ್ದದ್ದೂ ನೆನಪಿತ್ತು. ಎರಡು ಪುಟಕ್ಕೆ ಬಿಟ್ಟೆ.

ಎರಡನೇ ದಾರಿ 5.1. ಅದೇ 2023ರ ಜನವರಿ ಕೊನೆಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ಈ 5.1 ನಿಯಮಾವಳಿ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಲೈಸೆನ್ಸ್‌ಗಳ ಪೈಕಿ ಸಿಸಿ ಬೈ ಅಡಿ ಬಂತು. ಮೂಲದವರ ಹೆಸರು ಹಾಕಿ, ಏನು ಬದಲಿಸಿದೆ ಅಂತ ಹೇಳಿದರೆ ಸಾಕು. ಮಾರಲೂಬಹುದು. ಲೈಸೆನ್ಸ್ ಸಲೀಸು, ಆಟ ಭಾರ. ಸುಮಾರು 400 ಪುಟ, 300ಕ್ಕೂ ಹೆಚ್ಚು ಮಂತ್ರಗಳು. ಮೂರು ವಾರ ಕೂತರೂ ಮಂತ್ರಗಳೇ ಮುಗಿಯಲಿಲ್ಲ. ಇಷ್ಟಾದರೂ ಇದು ಬರೀ ಅಸ್ಥಿಪಂಜರ. ಪಾತ್ರದ ಹಿನ್ನೆಲೆ ಅಂತ ಕೊಟ್ಟಿರುವುದು ಒಂದೇ ಒಂದು.

ಕೊನೆಗೆ ಕೇರ್ನ್. ಯೋಖಾಯ್ ಗಾಲ್ 2020ರಲ್ಲಿ ತಂದ ಪುಟ್ಟ ಆಟ. ‘ನೇವ್’ ಮತ್ತು ‘ಇನ್‌ಟು ದಿ ಆಡ್’ ಎಂಬ ಆಟಗಳಿಂದ ಹುಟ್ಟಿದ್ದು. ಪಾತ್ರಕ್ಕೆ ಮೂರೇ ಗುಣ. ನಾನು ಅವನ್ನು ಕಸುವು, ಚುರುಕು, ಎದೆಗಾರಿಕೆ ಅಂತ ಮಾಡಿಕೊಂಡೆ. ಹೊಡೆತ ತಾಗಿತೋ ಇಲ್ಲವೋ ಅಂತ ದಾಳ ಹಾಕುವುದೇ ಇಲ್ಲ. ನೇರವಾಗಿ ಪೆಟ್ಟಿನ ಲೆಕ್ಕ. ಎರಡು ಭಾನುವಾರದಲ್ಲಿ ಕನ್ನಡವಾಯಿತು. ಕತೆ ನಡೆಯುವ ಮಾಯದ ಕಾಡು ನಮ್ಮ ಘಟ್ಟದ ಕಾಡಾಯಿತು. ಹತ್ತು ನಿಮಿಷದಲ್ಲಿ ಮಕ್ಕಳ ಪಾತ್ರಗಳೂ ತಯಾರಾದವು.

ಇದರ ಲೈಸೆನ್ಸ್ ಸಿಸಿ ಬೈ-ಎಸ್‌ಎ. ಅಂದರೆ ತಿದ್ದಿ ಹಂಚುವವರು ಅದೇ ಷರತ್ತಿನಲ್ಲಿ ಹಂಚಬೇಕು. ಶುರುವಿನಲ್ಲಿ ಇದು ಕಟ್ಟು ಅನ್ನಿಸಿತ್ತು. ಹಣ ಹಾಕಿ ಪುಸ್ತಕ ತರುವವರಿಗೆ ಈಗಲೂ ಕಟ್ಟೇ, ಅವರಿಗೆ ಸಿಸಿ ಬೈ ವಾಸಿ. ಇನ್ನೊಂದು ವಿಷಯ: 5.1ರಿಂದ ಕೇರ್ನ್‌ಗೆ ತರಬಹುದು. ಔಲ್‌ಬೇರ್ ಎಂಬ ಮೃಗವನ್ನು ಹಾಗೆ ತಂದು ‘ಗೂಬೆಗರಡಿ’ ಮಾಡಿದೆ, ಮಕ್ಕಳಿಗೆ ಅದೇ ಅಚ್ಚುಮೆಚ್ಚು. ಆದರೆ ಕೇರ್ನ್‌ನ ಬರಹ ಎತ್ತಿಕೊಂಡು ಷರತ್ತು ಕಳಚುವ ಹಾಗಿಲ್ಲ. ನೀರು ಒಂದೇ ಕಡೆ ಹರಿಯುತ್ತದೆ.

ಮನೆಯಲ್ಲಿ ಆಡಿ ಹಂಚುವ ನನ್ನಂಥವರಿಗೆ ನಾನು ಹೇಳುವುದು ಕೇರ್ನ್ ದಾರಿಯನ್ನೇ. ನನ್ನ ಪ್ರತಿಯನ್ನು ಧಾರವಾಡದ ಗೆಳೆಯನಿಗೆ ಕಳಿಸಿದ್ದೆ. ಅವನು ಮಾತುಗಳನ್ನು ತನ್ನ ಕಡೆಯ ಕನ್ನಡಕ್ಕೆ ತಿರುಗಿಸಿ, ಆರು ದೆವ್ವಗಳನ್ನು ಸೇರಿಸಿ, ತನ್ನೂರಿನ ಹುಡುಗರಿಗೆ ಹಂಚಿದ. ಷರತ್ತು ಅದೇ ಆದ್ದರಿಂದ ಕೇಳುವ ಮೊದಲೇ ಆ ದೆವ್ವಗಳು ನನ್ನವೂ ಆಗಿದ್ದವು. ಮುಂದಿನ ಭಾನುವಾರ ಅವು ಘಟ್ಟ ಹತ್ತಲಿವೆ.