ಲೀಕ್‌ಸ್ಯಾನಿಟೈಸರ್: ನಾಲ್ಕು ವರ್ಷ ದಿನಾ ಬಳಸಿದ್ಮೇಲೆ

ಸಿ++ ಬರೆಯೋರಿಗೆ ಇದೇನು ಅಂತ ಹೇಳೋದು ಬೇಡ. ಬೇರೆಯೋರಿಗೆ: ಪ್ರೋಗ್ರಾಮು ತಗೊಂಡ ಮೆಮೊರಿಯನ್ನ ವಾಪಸ್ ಕೊಡದೇ ಬಿಟ್ಟಿದ್ರೆ (ಅದೇ ಲೀಕ್) ಹಿಡಿದು ತೋರಿಸೋ ಟೂಲು. ಕ್ಲ್ಯಾಂಗ್ ಅನ್ನೋ ಕಂಪೈಲರ್ ಜೊತೆ ಬರೋ ರನ್‌ಟೈಮ್ ಲೈಬ್ರರಿಗೆ 2013ರಲ್ಲಿ ಸೇರಿಸಿದ್ದು, ಇನ್ನೊಂದು ಕಂಪೈಲರ್ ಜಿಸಿಸಿಯಲ್ಲೂ ಇದೆ, ಒಂದು ರೂಪಾಯಿ ಕೊಡ್ಬೇಕಾಗಿಲ್ಲ. ಮುಂಚೆ ನಾನು ಇದೇ ಕೆಲಸಕ್ಕೆ ವಾಲ್‌ಗ್ರೈಂಡ್ ಅನ್ನೋ ಟೂಲ್ ಓಡಿಸ್ತಿದ್ದೆ, ಎರಡು ನಿಮಿಷದ ಟೆಸ್ಟು ಮುಕ್ಕಾಲು ಗಂಟೆ ಎಳೀತಿತ್ತು, ಹಾಗಾಗಿ ವಾರಕ್ಕೊಂದ್ಸಲ ಮಾತ್ರ ಹಾಕ್ತಿದ್ದೆ, ಆಮೇಲೆ ಆ ವಾರದ ಯಾವ ಬದಲಾವಣೆಯಿಂದ ಲೀಕ್ ಬಂತು ಅಂತ ಹುಡುಕೋದ್ರಲ್ಲೇ ಅರ್ಧ ದಿನ ಹೋಗ್ತಿತ್ತು.

ನಂದು 8 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪು. ಮೆಮೊರಿಯ ಬೇರೆ ತಪ್ಪುಗಳನ್ನೂ ಹಿಡಿಯೋ ಅಡ್ರೆಸ್‌ಸ್ಯಾನಿಟೈಸರ್ ಪೂರ್ತಿ ಹಾಕಿದ್ರೆ ಮೆಮೊರಿ ಜಾಸ್ತಿ ತಿನ್ನುತ್ತೆ, ಅದನ್ನ ಶನಿವಾರಕ್ಕೆ ಇಟ್ಕೊಂಡಿದೀನಿ. ದಿನಾ ಬರೀ ಲೀಕ್ ಮೋಡು. ಇದಕ್ಕೆ ಎಲ್ಲಾ ಫೈಲನ್ನೂ ಮತ್ತೆ ಕಂಪೈಲ್ ಮಾಡೋದೂ ಬೇಡ, ಲಿಂಕ್ ಮಾಡುವಾಗ ಫ್ಲ್ಯಾಗ್ ಕೊಟ್ರೆ ಸಾಕು. ಪ್ರೋಗ್ರಾಮು ಹೆಚ್ಚುಕಮ್ಮಿ ಮಾಮೂಲಿ ಸ್ಪೀಡಲ್ಲೇ ಓಡುತ್ತೆ, ಕೊನೇಲಿ ಹೊರಗೆ ಬರೋ ಹೊತ್ತಿಗೆ ಎಲ್ಲಾ ಥ್ರೆಡ್ಡನ್ನೂ (ಪ್ರೋಗ್ರಾಮೊಳಗೆ ಒಟ್ಟಿಗೆ ಓಡೋ ಕೆಲಸಗಳನ್ನ) ನಿಲ್ಲಿಸಿ, ಮೆಮೊರಿಯ ವಿಳಾಸ ಇರಬಹುದಾದ ಜಾಗಗಳಾದ ಗ್ಲೋಬಲ್ಲು, ಸ್ಟ್ಯಾಕು, ರಿಜಿಸ್ಟರು ಎಲ್ಲಾ ಜಾಲಾಡಿ, ಯಾವ ಮೆಮೊರಿ ಬ್ಲಾಕಿಗೆ ಎಲ್ಲಿಂದಲೂ ದಾರಿ ಇಲ್ವೋ ಅದನ್ನ ಲೀಕ್ ಅನ್ನುತ್ತೆ.

ಬೆಳಿಗ್ಗೆ ಕಾಫಿ ಲೋಟ ಕೈಲಿಟ್ಕೊಂಡೇ ಟೆಸ್ಟ್ ಓಡಿಸ್ತೀನಿ. ಎಕ್ಸಿಟ್ ಕೋಡ್ 0 ಬಂದ್ರೆ ಸರಿ, 23 ಬಂದ್ರೆ ಲೀಕ್ ಸಿಕ್ಕಿದೆ ಅಂತ, ಆಗ ಲೋಟ ಕೆಳಗಿಟ್ಟು ರಿಪೋರ್ಟಿನ ಮೊದಲ ಸಾಲಿಂದ ಓದ್ತೀನಿ. ಒಂದಿನ 40 ಬೈಟಿನ ಒಂದು ಡೈರೆಕ್ಟ್ ಲೀಕು, ಅದರ ಕೆಳಗೆ ಮೂರು ಇನ್‌ಡೈರೆಕ್ಟು, ಅಂದ್ರೆ ಲೀಕಾದ ಬೇರೆ ಬ್ಲಾಕಿಂದ ಮಾತ್ರ ದಾರಿ ಇರೋವು. ಮೂರನ್ನ ಮುಟ್ಟಲೇ ಇಲ್ಲ. ಡೈರೆಕ್ಟ್‌ನ ಸ್ಟ್ಯಾಕಲ್ಲಿ (ಆ ಮೆಮೊರಿ ಕೇಳೋ ತನಕ ಒಂದನ್ನೊಂದು ಕರೆದ ಫಂಕ್ಷನ್‌ಗಳ ಪಟ್ಟಿ) ಮೇಲಿಂದ ಎರಡನೇ ಸಾಲು ಸೆಟ್ಟಿಂಗ್ ಫೈಲ್ ಓದೋ ನನ್ನ ಕಾನ್ಫಿಗ್ ಪಾರ್ಸರ್‌ದು, ಅಲ್ಲಿ ಪೋರ್ಟ್ ನಂಬರ್ ತಪ್ಪಿದ್ರೆ ಮಧ್ಯದಲ್ಲೇ ರಿಟರ್ನ್ ಆಗೋ ಜಾಗ, ಫ್ರೀ ಮಾಡಿರ್ಲಿಲ್ಲ. ಅದೊಂದು ಸಾಲು ಸೇರಿಸಿದ್ದಕ್ಕೆ ನಾಲ್ಕೂ ಹೋದ್ವು, ಕಾಫಿ ಇನ್ನೂ ಬಿಸಿ ಇತ್ತು. ಈ ಸುಖಕ್ಕೋಸ್ಕರಾನೇ ಎಲ್ಲರಿಗೂ ಇದನ್ನ ಹಾಕ್ಕೊಳ್ಳಿ ಅಂತ ಹೇಳ್ತಾ ಬಂದಿದೀನಿ.

ಜಿಡಿಬಿ ಅನ್ನೋ ಡಿಬಗರ್ ಒಳಗೆ ಓಡಿಸಿದ್ರೆ ಇದು ಕೆಲಸ ಮಾಡಲ್ಲ, ಯಾಕಂದ್ರೆ ಥ್ರೆಡ್ ನಿಲ್ಲಿಸೋಕೆ ಇದಕ್ಕೂ ಪಿಟ್ರೇಸೇ (ಓಡ್ತಿರೋದನ್ನ ಹಿಡಿದು ನಿಲ್ಲಿಸೋಕೆ ಲಿನಕ್ಸ್ ಕೊಡೋ ದಾರಿ) ಬೇಕು, ಅದನ್ನ ಆಗಲೇ ಜಿಡಿಬಿ ಹಿಡ್ಕೊಂಡಿರುತ್ತೆ. ಪ್ರೋಗ್ರಾಮನ್ನ ಬೇರೆಯಾಗಿಟ್ಟು ಓಡಿಸೋ ಕಂಟೇನರಲ್ಲೂ ಪರ್ಮಿಷನ್ ಇಲ್ಲದೆ ಹಂಗೇ ಆಗ್ಬಹುದು. ಅದಕ್ಕೆಲ್ಲ ಒಗ್ಗಿಕೊಂಡಿದೀನಿ.

ಒಗ್ಗದೇ ಇರೋದು ಒಂದಿದೆ. ಕಳೆದ ವರ್ಷ ಹಗಲು ರಾತ್ರಿ ಓಡೋ ಒಂದು ಸರ್ವರ್ ಬರೆದೆ, ಟೆಸ್ಟ್ ಎಲ್ಲಾ ಕ್ಲೀನು, ತಿಂಗಳಿಡೀ 23 ಅನ್ನೋದನ್ನ ನೋಡೇ ಇಲ್ಲ. ಸರ್ವರನ್ನ ಬಳಕೆಗೆ ಹಾಕಿದ ಮೂರನೇ ದಿನಕ್ಕೆ ಮೆಮೊರಿ ಏರ್ತಾ ಏರ್ತಾ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ಲೇ ಅದನ್ನ ಕೊಂದಾಕ್ತು. ಎರಡು ರಾತ್ರಿ ನಿದ್ದೆ ಇಲ್ಲ. ಪ್ರೋಗ್ರಾಮು ಮುಗಿಯೋ ತನಕ ಕಾಯೋದು ಬೇಡ ಅಂತ ನಡುವೆಯೇ ಚೆಕ್ ಮಾಡೋ ಫಂಕ್ಷನ್ ಕರೆದು ನೋಡಿದೆ, ಆಗಲೂ ಏನೂ ಇಲ್ಲ ಅಂತು. ಕಾರಣ ನೋಡಿದ್ರೆ ಸೆಷನ್‌ಗಳನ್ನ ಇಡೋ ಗ್ಲೋಬಲ್ ಮ್ಯಾಪಿಂದ ಮುಗಿದ ಸೆಷನ್ ತೆಗೀತಾನೇ ಇರ್ಲಿಲ್ಲ. ಮ್ಯಾಪಿಗೆ ದಾರಿ ಇದೆ, ಮ್ಯಾಪಿಂದ ಸೆಷನ್ನಿಗೆ ದಾರಿ ಇದೆ, ಹಾಗಾಗಿ ಇದರ ಲೆಕ್ಕದಲ್ಲಿ ಅದು ಲೀಕೇ ಅಲ್ಲ! ನಿಯಮದ ಪ್ರಕಾರ ಸರಿ, ಆದ್ರೆ ಸರ್ವರ್ ಬರೆಯೋರಿಗೆ ಕಾಡೋದೇ ಈ ಥರದ್ದು, ಅಷ್ಟು ನೆಚ್ಕೊಂಡಿದ್ದಕ್ಕೆ ಬೇಜಾರಾಯ್ತು ನಂಗೆ.

ಸ್ವಲ್ಪ ದಿನ ಇದನ್ನ ಬಿಟ್ಟು, ಮೆಮೊರಿ ಎಲ್ಲಿ ಹೋಗ್ತಿದೆ ಅಂತ ಅಳೆಯೋ ವಾಲ್‌ಗ್ರೈಂಡಿನ ಮ್ಯಾಸಿಫ್ ಹಾಕಿದೆ, ಮತ್ತೆ ಅದೇ ಆಮೆ ನಡಿಗೆ. ಆಮೇಲೆ ಇದೇ ಸ್ಯಾನಿಟೈಸರ್ ಹೆಡರ್ ಫೈಲುಗಳನ್ನ ಓದ್ತಾ ಕೂತಾಗ ಮೆಮೊರಿ ಪ್ರೊಫೈಲ್ ಪ್ರಿಂಟ್ ಮಾಡೋ ಫಂಕ್ಷನ್ ಸಿಕ್ತು. ಈಗ ಜೀವಂತ ಇರೋ ಬ್ಲಾಕುಗಳಲ್ಲಿ ಯಾವ ಸಾಲಿಂದ ಬಂದಿದ್ದು ಜಾಸ್ತಿ ಅಂತ ದೊಡ್ಡದರಿಂದ ಚಿಕ್ಕದಕ್ಕೆ ತೋರಿಸುತ್ತೆ. ಇನ್ನೂ ಪ್ರಯೋಗದ್ದು ಅಂತ ಅಲ್ಲೇ ಬರೆದಿದಾರೆ, ಅಡ್ರೆಸ್‌ಸ್ಯಾನಿಟೈಸರ್ ಜೊತೆಗೇ ಬೇಕು, ಅದೂ ಲಿನಕ್ಸಲ್ಲಿ. ಆ ಸರ್ವರಿನ ತಪ್ಪಿದ್ದ ಹಳೇ ಕೋಡನ್ನೇ ತಗೊಂಡು, ಸಿಗ್ನಲ್ ಬಂದ್ರೆ ಮೇನ್ ಲೂಪಲ್ಲಿ ಅದನ್ನ ಕರೆಯೋ ಹಂಗೆ ಮಾಡಿ ಹತ್ತು ನಿಮಿಷ ಲೋಡ್ ಕೊಟ್ಟೆ. ಮೊಟ್ಟಮೊದಲ ಸ್ಟ್ಯಾಕಲ್ಲೇ ಸೆಷನ್ ಫೈಲಿನ ಹೆಸರು, ಲೈನ್ ನಂಬರ್ ಸಮೇತ ಇತ್ತು. ಈಗ ಶನಿವಾರದ ಓಟಕ್ಕೆ ಅದನ್ನೂ ಸೇರಿಸಿಕೊಂಡಿದೀನಿ.