ಯುವಜನರ ಸಂಘವೋ, ಚರ್ಚಿನಲ್ಲೇ ಜವಾಬ್ದಾರಿಯೋ?

ಪಿಯುಸಿ ಮುಗಿಯುವವರೆಗೆ ತಪ್ಪದೆ ಚರ್ಚಿಗೆ ಬರುತ್ತಿದ್ದ ಮಕ್ಕಳು ಆಮೇಲೆ ಕಾಣುವುದೇ ಇಲ್ಲ. ಚಿಕ್ಕಮಗಳೂರು ಧರ್ಮಪ್ರಾಂತ್ಯದಲ್ಲಿ, ಅಂದರೆ ಅಲ್ಲಿನ ಬಿಷಪರ ಆಡಳಿತದ ಕ್ಯಾಥೊಲಿಕ್ ಚರ್ಚುಗಳಲ್ಲಿ, ಈ ಚಿಂತೆ ಹೊಸದೇನಲ್ಲ. ಹಾಸನ ಜಿಲ್ಲೆಯೂ ಈ ಧರ್ಮಪ್ರಾಂತ್ಯಕ್ಕೇ ಸೇರಿದೆ. ಅವರನ್ನು ಉಳಿಸಿಕೊಳ್ಳಲು ನಿಮ್ಮ ಪಾಲನಾ ಸಮಿತಿಯ (ಚರ್ಚಿನ ಕೆಲಸ ನೋಡಿಕೊಳ್ಳುವ ಸಮಿತಿ) ಮುಂದೆ ಎರಡು ದಾರಿ ಇವೆ: ಯುವಜನರಿಗೇ ಒಂದು ಸಂಘ, ಇಲ್ಲವೇ ಚರ್ಚಿನ ಕೆಲಸದಲ್ಲೇ ಜವಾಬ್ದಾರಿ.

ಸಂಘ ಕಟ್ಟುವುದು ಸುಲಭ. ಗೆಳೆತನ ಬೆಳೆಯುತ್ತದೆ, ಸಂಕೋಚದವರೂ ಬಾಯಿ ಬಿಡುತ್ತಾರೆ. ಆದರೆ ಹುರುಪಿನ ಇಬ್ಬರು ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಸಂಘ ಅಲ್ಲಿಗೇ ನಿಲ್ಲುತ್ತದೆ. ತೋಟದ ಊರುಗಳಲ್ಲಿ ಡಿಸೆಂಬರ್ ಅಂದರೆ ಕಾಫಿ ಕೊಯ್ಲು. ಸಂಜೆ ಸಭೆಗೆ ಬರಲು ಯಾರ ಮೈಯಲ್ಲೂ ಕಸುವಿರುವುದಿಲ್ಲ.

ಜವಾಬ್ದಾರಿ ಕೊಡುವುದು ಕಷ್ಟ, ಯಾಕೆಂದರೆ ಹಿರಿಯರು ಬಿಟ್ಟುಕೊಡಬೇಕು. ಕ್ರಿಸ್‌ಮಸ್ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಬಿದಿರು ತರುವುದು, ಹುಲ್ಲು ಹೊದಿಸುವುದು, ಸೀರಿಯಲ್ ಲೈಟ್ ಹಾಕುವುದು ಎಲ್ಲ ಹುಡುಗರೇ. ದುಡ್ಡಿನ ಮಾತು ಬಂದಾಗ ಮಾತ್ರ ಅವರನ್ನು ಕೇಳುವುದಿಲ್ಲ, ಅಲ್ವಾ? ಆ ಲೆಕ್ಕವನ್ನೂ ಅವರ ಕೈಗೇ ಕೊಡಿ. ವಾಚನ (ಪೂಜೆಯಲ್ಲಿ ಬೈಬಲ್ ಓದುವುದು), ಕೀಬೋರ್ಡ್, ಪೂಜೆಯ ಹಾಡುಗಳ ಆಯ್ಕೆ ಕೂಡ. ಸಮಿತಿಯಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಕೂರಲಿ. ಸುಮ್ನೆ ಹೆಸರಿಗಲ್ಲ, ಅವರ ಮಾತು ನಡೆಯಬೇಕು. 2018ರಲ್ಲಿ ರೋಮ್‌ನಲ್ಲಿ ಯುವಜನರ ಬಗ್ಗೆಯೇ ಬಿಷಪರ ಸಿನೊಡ್ (ಮಹಾಸಭೆ) ನಡೆಯಿತು. ತಮ್ಮ ಮಾತನ್ನು ಕೇಳಿಸಿಕೊಳ್ಳಿ ಎನ್ನುವುದು ಅಲ್ಲೂ ಯುವಜನರ ದೊಡ್ಡ ಕೋರಿಕೆಗಳಲ್ಲಿ ಒಂದಾಗಿತ್ತು.

ನಿಮ್ಮಲ್ಲಿ ಕಾಲೇಜು ಹುಡುಗರೇ ಜಾಸ್ತಿ ಇದ್ದರೆ ಸಂಘದಿಂದ ಶುರು ಮಾಡಿ. ಇಪ್ಪತ್ತು ದಾಟಿದವರಿದ್ದರೆ ನಾನಂತೂ ಜವಾಬ್ದಾರಿಯನ್ನೇ ಆರಿಸುತ್ತೇನೆ.

ಊರು ಬಿಟ್ಟವರಿಗೆ ಎರಡೂ ಪೂರ್ತಿ ಒಗ್ಗುವುದಿಲ್ಲ. ಆಗಾಗ ಫೋನ್ ಮಾಡಿ, ಅವರ ರೂಮಿನ ಹತ್ತಿರ ಕನ್ನಡ ಪೂಜೆ ಎಲ್ಲಿದೆ, ಎಷ್ಟು ಗಂಟೆಗೆ ಎಂದು ವಿಚಾರಿಸಿ ತಿಳಿಸಿ. ಹಬ್ಬಕ್ಕೆ ಬಂದಾಗ ಒಂದು ವಾಚನ ಅವರಿಗಾಗಿ ಇಟ್ಟಿರಿ.