ಶುಗರ್ ಇರುವ ಮನೆಗೆ ಕೋಕ್ ಜೀರೋ ಹೇಗೆ?

ನಮ್ಮ ಮಾವನವರಿಗೆ ಶುಗರ್ ಇದೆ, ಕೋಲಾ ಚಪಲವೂ ಇದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂರುವ ಮೊದಲೇ ಕೈಯಲ್ಲಿ ಲೋಟ ಹಿಡಿದಿರುತ್ತಾರೆ. ಬೇಡ ಬೇಡ ಎಂದು ಹೇಳಿ ಸಾಕಾಗಿ, ಮನೆಗೆ ಸಕ್ಕರೆ ಇಲ್ಲದ ಕೋಕ್ ಜೀರೋ ತರಿಸಲು ಶುರು ಮಾಡಿದೆವು.

ರುಚಿ ಪರವಾಗಿಲ್ಲ. ಚೆನ್ನಾಗಿ ತಣ್ಣಗಿದ್ದರೆ ಮಾಮೂಲಿ ಕೋಕ್ ಅಂತಲೇ ಅನಿಸುತ್ತದೆ. ತಣುಪು ಇಳಿದ ಮೇಲೆ ಮಾತ್ರ ಒಂಥರಾ ಸಿಹಿ ಬಾಯಲ್ಲೇ ಉಳಿಯುತ್ತದೆ. ನನಗದು ಹಿಡಿಸಲಿಲ್ಲ. ಮಾವನವರು ತಲೆ ಕೆಡಿಸಿಕೊಳ್ಳಲಿಲ್ಲ, ಗ್ಯಾಸ್ ಇದ್ದರೆ ಅವರಿಗೆ ಸಾಕು.

ಮಾಮೂಲಿ ಕೋಕ್‌ನ 300 ಮಿ.ಲೀ. ಕ್ಯಾನಿನಲ್ಲಿ 30 ಗ್ರಾಂಗಿಂತ ಜಾಸ್ತಿ ಸಕ್ಕರೆ ಇದೆ. ಅಂದರೆ ಆರೇಳು ಚಮಚ. ಅಷ್ಟು ಹಾಕಿ ಕಾಫಿ ಕೊಟ್ಟರೆ ಯಾರಾದರೂ ಕುಡಿಯುತ್ತಾರಾ? ಹುಳಿ, ತಣುಪು, ಗ್ಯಾಸ್ ಸೇರಿದರೆ ಅದು ಗೊತ್ತೇ ಆಗುವುದಿಲ್ಲ. ಜೀರೋದಲ್ಲಿ ಸಕ್ಕರೆ ಬದಲು ಆಸ್ಪರ್ಟೇಮ್ ಮತ್ತು ಅಸೆಸಲ್ಫೇಮ್ ಪೊಟ್ಯಾಸಿಯಂ ಎಂಬ ಕೃತಕ ಸಿಹಿಕಾರಕಗಳಿವೆ. ಹಾಗಾಗಿ ಮಾವನವರ ಮಟ್ಟಿಗೆ ಇದೇ ವಾಸಿ.

ಆದರೆ ತೂಕ ಇಳಿಸಿಕೊಳ್ಳಲು ಇದನ್ನು ಕುಡಿಯುವವರು ಸ್ವಲ್ಪ ನಿಲ್ಲಿ. ತೂಕದ ಸಲುವಾಗಿ ಇಂಥ ಸಿಹಿಕಾರಕಗಳನ್ನು ನಂಬಬೇಡಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆಗಲೇ ಶುಗರ್ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ. ಹಲ್ಲಿನ ವಿಷಯದಲ್ಲಂತೂ ಜೀರೋ ಎಂದು ನೆಮ್ಮದಿಯಾಗಿ ಇರುವ ಹಾಗಿಲ್ಲ. ಸಕ್ಕರೆ ಹೋದರೂ ಫಾಸ್ಪರಿಕ್ ಆಸಿಡ್ ಇದ್ದೇ ಇದೆ, ಅದು ಹಲ್ಲಿನ ಮೇಲ್ಪದರ ಸವೆಸುತ್ತದೆ. ಕೆಫೀನ್ ಕೂಡ ಇರುವುದರಿಂದ ರಾತ್ರಿ ಊಟದ ನಂತರ ಮಾವನವರಿಗೆ ಕೊಡುವುದಿಲ್ಲ. ಮಕ್ಕಳಿಗಂತೂ ಯಾವ ಹೊತ್ತಿನಲ್ಲೂ ಕೊಡುವುದೇ ಇಲ್ಲ.

ನನಗೆ ನಿಜವಾಗಿ ತಲೆನೋವಾಗಿರುವುದು ಮೈದುನ. ಫ್ರಿಜ್‌ನಲ್ಲಿ ಜೀರೋ ಕಂಡಾಗಿನಿಂದ ರಮ್‌ಗೆ ಅದನ್ನೇ ಬೆರೆಸುತ್ತಾನೆ. "ಅತ್ತಿಗೆ, ಈಗ ಸಕ್ಕರೆನೂ ಇಲ್ಲ ನೋಡಿ" ಅಂತ ಬೇರೆ ಹೇಳುತ್ತಾನೆ! ಇದರಲ್ಲಿ ಒಂದು ಮೋಸ ಇದೆ. ಸಕ್ಕರೆ ಇದ್ದರೆ ಹೊಟ್ಟೆ ಖಾಲಿಯಾಗುವುದು ನಿಧಾನ. ಇಲ್ಲದಿದ್ದರೆ ಮದ್ಯ ಬೇಗ ಕರುಳಿಗಿಳಿದು ರಕ್ತ ಸೇರುತ್ತದೆ. ಅಳತೆ ಅದೇ ಇದ್ದರೂ ಡಯಟ್ ಕೋಲಾ ಬೆರೆಸಿದವರ ಉಸಿರಿನಲ್ಲಿ ಮದ್ಯದ ಅಂಶ ಜಾಸ್ತಿ ಬಂದದ್ದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಕುಡಿದವರಿಗೆ ಮಾತ್ರ ಆ ವ್ಯತ್ಯಾಸ ತಿಳಿಯುವುದಿಲ್ಲ. 'ನಾನು ಸರಿಯಾಗೇ ಇದ್ದೀನಿ' ಎಂದು ಬೈಕ್ ಕೀ ಹುಡುಕುತ್ತಾರೆ. ಅದಕ್ಕೇ ಅವನು ಬಾಟಲಿ ತೆಗೆದ ದಿನ ಕೀ ನನ್ನ ಬೀರುವಿನಲ್ಲಿರುತ್ತದೆ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಸ್ಟಾರ್. ತಗೊಳ್ಳುವುದಾದರೆ ಸಣ್ಣ ಕ್ಯಾನ್ ತಗೊಳ್ಳಿ. ದೊಡ್ಡ ಬಾಟಲಿ ತೆರೆದರೆ ಗ್ಯಾಸ್ ಹೋಗುವ ಮೊದಲು ಮುಗಿಸಬೇಕು ಎಂದು ಎಲ್ಲರೂ ಸುಮ್ನೆ ಒಂದೊಂದು ಲೋಟ ಜಾಸ್ತಿ ಕುಡಿಯುತ್ತಾರೆ.